ಶುಂಠಿ, ಮೆಣಸು, ಅಡಿಕೆಗೆ ಟ್ರೈಕೋಡರ್ಮಾ: ಯಾವಾಗ ಹಾಕಬೇಕು, ಹೇಗೆ ಹಾಕಬೇಕು, ಎಲ್ಲಿ ಕೆಲಸ ಮಾಡಲ್ಲ? ಇಲ್ಲಿದೆ ಪೂರ್ತಿ ಮಾಹಿತಿ

ಸಾಗರ: ಮುಂಗಾರು ಹತ್ತಿರ ಬರ್ತಿದ್ದ ಹಾಗೆ ತಾಲೂಕಿನ ಗೊಬ್ಬರದಂಗಡಿ, ಸೊಸೈಟಿಗಳಲ್ಲಿ ಒಂದು ಪುಡಿ ಪ್ಯಾಕೆಟ್‌ಗೆ ಬೇಡಿಕೆ ಏರುತ್ತೆ. ಅದರ ಹೆಸರು ಟ್ರೈಕೋಡರ್ಮಾ. ಶುಂಠಿ ಹಾಕುವವರು, ಮೆಣಸಿನ ಬಳ್ಳಿ ಇರುವವರು, ಅಡಿಕೆ ತೋಟದವರು ಎಲ್ಲರೂ ಕೇಳಿ ತಗೊಂಡು ಹೋಗ್ತಾರೆ. ಮಳೆಗಾಲ ಮುಗಿಯುವಾಗ ಒಬ್ಬರು ಚೆನ್ನಾಗಿ ಕೆಲಸ ಮಾಡ್ತು ಅಂತಾರೆ, ಪಕ್ಕದ ತೋಟದವರು ದುಡ್ಡು ದಂಡ ಅಂತಾರೆ. ಇಬ್ಬರು ತಂದಿದ್ದೂ ಒಂದೇ ಪುಡಿ.

ಯಾಕೆ ಹೀಗಾಗುತ್ತೆ? ಆ ಪ್ಯಾಕೆಟ್‌ನಲ್ಲಿ ಇರೋದು ಜೀವ. ಅದಕ್ಕೆ ಬಿಸಿಲು ಆಗಲ್ಲ, ಮೈಲುತುತ್ತ ಆಗಲ್ಲ, ಒಣ ಮಣ್ಣು ಆಗಲ್ಲ. ತಿನ್ನೋಕೆ ಗೊಬ್ಬರ ಬೇಕು, ಬೆಳೆಯೋಕೆ ಟೈಮ್ ಬೇಕು. ಇಷ್ಟು ಕೊಟ್ಟವರಿಗೆ ಫಲ ಸಿಗುತ್ತೆ. ಗಿಡ ಬಾಡಿದ ಮೇಲೆ ತಂದು ಸುರಿದವರಿಗೆ ಸಿಗಲ್ಲ. ಶುಂಠಿಗೆ ಬೀಜ, ಕೂಲಿ, ಗೊಬ್ಬರ, ಗುತ್ತಿಗೆ ಜಮೀನು ಅಂತ ಸಾಲ ಮಾಡಿ ಹಾಕಿರುತ್ತಾರೆ. ಅಲ್ಲಿ ಈ ಸಣ್ಣ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ರೈತರಿಗೂ, ಮಾರುವ ಅಂಗಡಿಯವರಿಗೂ ಬೇಕಾಗುವ ವಿಷಯ ಒಂದೇ ಕಡೆ ಕೊಡ್ತಾ ಇದ್ದೇವೆ.

ಏನಿದು ಟ್ರೈಕೋಡರ್ಮಾ?

ಟ್ರೈಕೋಡರ್ಮಾ ಮಣ್ಣಿನಲ್ಲಿ ತಾನಾಗೇ ಇರುವ ಒಂದು ಶಿಲೀಂಧ್ರ, ಅಂದ್ರೆ ಬೂಷ್ಟಿನ ಜಾತಿ. ಕೊಳೆತ ಸೊಪ್ಪು, ಮರದ ಚೂರಿನ ಮೇಲೆ ಮೊದಲು ಬಿಳಿ ಎಳೆಯಾಗಿ ಹರಡಿ ಆಮೇಲೆ ಹಸಿರಾಗುವ ಬೂಷ್ಟು ನೋಡಿರ್ತೀರಿ. ಅದರಲ್ಲಿ ಇದೂ ಇರುತ್ತೆ. ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಾಗಿ ಕಾಣುವ ಹೆಸರು ಟ್ರೈಕೋಡರ್ಮಾ ವಿರಿಡೆ ಮತ್ತು ಟ್ರೈಕೋಡರ್ಮಾ ಹಾರ್ಜಿಯಾನಂ.

ಇದು ಬೇರೆ ಶಿಲೀಂಧ್ರವನ್ನು ತಿಂದು ಬದುಕುತ್ತೆ ಅನ್ನೋದು ಹೊಸ ಸುದ್ದಿ ಅಲ್ಲ. 1932ರಲ್ಲೇ ವೈಂಡ್ಲಿಂಗ್ ಎಂಬ ವಿಜ್ಞಾನಿ, ಸಸಿ ಬುಡ ಕೊಳೆಸುವ ರೈಜೋಕ್ಟೋನಿಯಾ ಶಿಲೀಂಧ್ರದ ಎಳೆಗಳಿಗೆ ಟ್ರೈಕೋಡರ್ಮಾ ಸುತ್ತಿಕೊಂಡು ಕೊಲ್ಲುವುದನ್ನು ವರದಿ ಮಾಡಿದ್ದರು.

ಇದರ ಜೊತೆಗೆ ಇನ್ನೆರಡು ಹೆಸರು ಅಂಗಡಿಯಲ್ಲಿ ಕೇಳಿಸುತ್ತೆ:

ಸ್ಯೂಡೋಮೊನಾಸ್: ಇದು ಶಿಲೀಂಧ್ರ ಅಲ್ಲ, ಬ್ಯಾಕ್ಟೀರಿಯಾ. ಪೂರ್ತಿ ಹೆಸರು ಸ್ಯೂಡೋಮೊನಾಸ್ ಫ್ಲೋರೆಸೆನ್ಸ್. ಬೇರಿನ ಸುತ್ತ ಬೆಳೆದು ಅಲ್ಲಿರುವ ಕಬ್ಬಿಣದ ಅಂಶವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತೆ. ರೋಗದ ಶಿಲೀಂಧ್ರಕ್ಕೆ ಕಬ್ಬಿಣ ಸಿಗದೆ ಅದು ಸೊರಗುತ್ತೆ. ಶಿಲೀಂಧ್ರಕ್ಕೆ ಆಗದ ಕೆಲವು ವಸ್ತುಗಳನ್ನೂ ಇದು ಬಿಡುತ್ತೆ.

ಬ್ಯಾಸಿಲಸ್ ಸಬ್ಟಿಲಿಸ್: ಇದೂ ಬ್ಯಾಕ್ಟೀರಿಯಾ. ಕಷ್ಟಕಾಲ ಬಂದರೆ ಗಟ್ಟಿ ಚಿಪ್ಪಿನ ಬೀಜಕವಾಗಿ ಮಲಗಿಬಿಡುತ್ತೆ. ಹಾಗಾಗಿ ಶೆಖೆ, ಒಣ ಹವೆ ತಡೆಯುವ ಶಕ್ತಿ ಸ್ಯೂಡೋಮೊನಾಸ್‌ಗಿಂತ ಇದಕ್ಕೆ ಜಾಸ್ತಿ.

ಹೇಗೆ ಕೆಲಸ ಮಾಡುತ್ತೆ?

ಒಟ್ಟು ನಾಲ್ಕು ದಾರಿ. ಒಂದು, ಜಾಗ ಹಿಡಿಯೋದು. ಬಸ್ಸಿನಲ್ಲಿ ಮೊದಲು ಹತ್ತಿದವರಿಗೆ ಸೀಟು ಅನ್ನೋ ಹಾಗೆ, ಬೇರಿನ ಸುತ್ತ ಮೊದಲು ಬೆಳೆದವರಿಗೆ ಜಾಗ, ಆಹಾರ ಎರಡೂ. ಎರಡು, ನೇರವಾಗಿ ತಿನ್ನೋದು. ರೋಗಾಣುವಿನ ಎಳೆಗೆ ಸುತ್ತಿಕೊಂಡು ಅದರ ಗೋಡೆ ಕರಗಿಸುವ ಕಿಣ್ವ ಬಿಡುತ್ತೆ. ಮೂರು, ರೋಗಾಣುವಿಗೆ ವಿಷವಾಗುವ ವಸ್ತು ಬಿಡೋದು. ನಾಲ್ಕು, ಗಿಡಕ್ಕೇ ಎಚ್ಚರಿಕೆ ಕೊಟ್ಟು ಅದರ ರೋಗ ತಡೆಯುವ ಶಕ್ತಿ ಹೆಚ್ಚಿಸೋದು.

ಈ ನಾಲ್ಕೂ ರೋಗ ಬರುವ ಮೊದಲಿನ ಕೆಲಸ. ಗಡ್ಡೆ ಒಳಗೆ ಕೊಳೆ ಹೊಕ್ಕ ಮೇಲೆ, ಬಳ್ಳಿಯ ಬುಡ ಕಪ್ಪಾದ ಮೇಲೆ ಹೊರಗಿಂದ ಪುಡಿ ಹಾಕಿ ಆ ಗಿಡ ಉಳಿಸಲು ಆಗಲ್ಲ. ಸುತ್ತಲಿನ ಗಿಡಕ್ಕೆ ಬೇಕಾದರೆ ಕಾವಲು ಸಿಗಬಹುದು.

ನಮ್ಮ ಕಡೆ ಯಾಕೆ ತಪ್ಪು ತಿಳಿವಳಿಕೆ?

ಮಲೆನಾಡಿನಲ್ಲಿ ರೋಗ ಅಂದ್ರೆ ಮೊದಲು ನೆನಪಾಗೋದು ಅಡಿಕೆ ಕೊಳೆ, ಕೊಳೆ ಅಂದ್ರೆ ಬೋರ್ಡೋ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ, ಮಳೆಗೆ ಮೊದಲು ಗೊನೆಗೆ ಬೋರ್ಡೋ ಹೊಡೆಯುವುದನ್ನು ಹೇಳಿಕೊಟ್ಟರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ನೂರು ವರ್ಷ ದಾಟಿದರೂ ಇವತ್ತಿಗೂ ಅದೇ ಲೆಕ್ಕ.

ಹಾಗಾಗಿ ಪ್ಯಾಕೆಟ್ ಒಡೆದು ನೀರಿಗೆ ಕಲಸಿ ಹೊಡೆದರೆ ಕೆಲಸ ಮುಗೀತು ಅನ್ನೋ ರೂಢಿ ನಮಗೆ ಬಂದಿದೆ. ಬೋರ್ಡೋ ಗೊನೆ ಮೇಲೆ ಕೂತು ರಕ್ಷಣೆ ಕೊಡುವ ಲೇಪ. ಟ್ರೈಕೋಡರ್ಮಾ ಮಣ್ಣಿನಲ್ಲಿ ಬೆಳೆಯಬೇಕಾದ ಜೀವ. ಮೊದಲನೆಯದರ ಲೆಕ್ಕ ಎರಡನೆಯದಕ್ಕೆ ಹಾಕಿದ್ರೆ ಕೈ ಕೊಡುತ್ತೆ.

ಶುಂಠಿ: ಮೊದಲು ಯಾವ ರೋಗ ಅಂತ ನೋಡಿ

ಶುಂಠಿ ಬಾಡಿದರೆ ಎಲ್ಲದಕ್ಕೂ ಕೊಳೆ ಅನ್ನೋದು ವಾಡಿಕೆ. ಆದರೆ ಮುಖ್ಯವಾಗಿ ಎರಡು ಬೇರೆ ಬೇರೆ ರೋಗಗಳಿವೆ.

ಗಡ್ಡೆ ಕೊಳೆ ರೋಗ: ಪಿಥಿಯಂ ಎಂಬ ರೋಗಾಣುವಿನಿಂದ ಬರುತ್ತೆ. ಕೆಳಗಿನ ಎಲೆಯ ತುದಿಯಿಂದ ಹಳದಿ ಶುರು. ಬುಡ ನೀರು ಕುಡಿದ ಹಾಗೆ ಮೆತ್ತಗಾಗುತ್ತೆ. ಎಳೆದರೆ ಗಿಡ ಸುಲಭವಾಗಿ ಕೈಗೆ ಬರುತ್ತೆ, ಗಡ್ಡೆ ಕೊಳೆತು ಕೆಟ್ಟ ವಾಸನೆ.

ಬ್ಯಾಕ್ಟೀರಿಯಾ ಸೊರಗು ರೋಗ: ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತೆ. ಎಲೆ ಸುರುಳಿ ಸುತ್ತಿ ಬೇಗ ಬಾಡುತ್ತೆ. ಗಿಡ ಬುಡಕ್ಕೆ ಕೊಯ್ದು ಹಿಚುಕಿದರೆ ಹಾಲಿನಂಥ ರಸ ಬರುತ್ತೆ.

ಮನೆಯಲ್ಲೇ ಮಾಡುವ ಪರೀಕ್ಷೆ: ಬಾಡಲು ಶುರುವಾದ ಗಿಡದ ಬುಡದ ಒಂದು ತುಂಡು ಕೊಯ್ದು, ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ ಅದರಲ್ಲಿ ತುದಿ ಮುಳುಗುವ ಹಾಗೆ ಹಿಡಿಯಿರಿ. ಅಲ್ಲಾಡಿಸಬೇಡಿ. ಕೆಲವು ನಿಮಿಷದಲ್ಲಿ ಬಿಳಿ ದಾರದ ಹಾಗೆ ರಸ ಇಳಿದರೆ ಅದು ಬ್ಯಾಕ್ಟೀರಿಯಾ ರೋಗ. ಇದಕ್ಕೆ ಟ್ರೈಕೋಡರ್ಮಾ ಹಾಕಿ ದುಡ್ಡು ಕಳೆಯಬೇಡಿ. ಆ ಗಿಡ ಮಣ್ಣಿನ ಸಮೇತ ತೆಗೆದು ಹೊರಗೆ ಸಾಗಿಸಿ. ಆ ಮಡಿಯ ನೀರು ಬೇರೆ ಮಡಿಗೆ ಹರಿಯದ ಹಾಗೆ ಮಾಡಿ, ಅಲ್ಲಿ ಬಳಸಿದ ಗುದ್ದಲಿ ತೊಳೆಯದೆ ಬೇರೆ ಕಡೆ ಒಯ್ಯಬೇಡಿ. ಆ ಗದ್ದೆಯ ಗಡ್ಡೆಯನ್ನು ಮುಂದಿನ ವರ್ಷಕ್ಕೆ ಬೀಜ ಮಾಡಬೇಡಿ.

ಪಿಥಿಯಂ ಕೊಳೆಗೆ ಮಾತ್ರ ಟ್ರೈಕೋಡರ್ಮಾ ನೆರವಾಗುತ್ತೆ. ಬೀಜ ನೆಡುವಾಗಲೇ ಗುಣಿಗೆ, ಟ್ರೈಕೋಡರ್ಮಾ ಬೆಳೆಸಿದ ಗೊಬ್ಬರವನ್ನು ಬೇವಿನ ಹಿಂಡಿ ಜೊತೆ ಒಂದೊಂದು ಹಿಡಿ ಹಾಕಬೇಕು. ಮುಂದೆ ಮಣ್ಣು ಏರಿಸುವಾಗ ಇನ್ನೊಂದು ಸಲ ಹಾಕಬಹುದು. ಒಂದು ವಿಷಯ ಮರೆಯಬೇಡಿ: ನೀರು ನಿಲ್ಲುವ ಮಡಿಯಲ್ಲಿ ಪಿಥಿಯಂ ಯಾವಾಗಲೂ ಗೆಲ್ಲುತ್ತೆ. ಬಸಿಗಾಲುವೆ ತೆಗೆಯದೆ ಎಷ್ಟು ಪ್ಯಾಕೆಟ್ ಹಾಕಿದರೂ ಉಪಯೋಗ ಇಲ್ಲ. ರೋಗ ಬಂದ ಗದ್ದೆಯಲ್ಲಿ ಮತ್ತೆ ಮರುವರ್ಷವೇ ಶುಂಠಿ ಹಾಕೋದೂ ಬೇಡ.

ಕಾಳುಮೆಣಸು: ಬುಡದ ಕಾವಲು

ಮೆಣಸಿನ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ತೊರಾ. ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಮಚ್ಚೆ, ಬುಡ ಕಪ್ಪಾಗಿ ಕೊಳೆಯೋದು, ಕೆಲವೇ ವಾರದಲ್ಲಿ ತುಂಬಿದ ಬಳ್ಳಿ ಬರಿದಾಗೋದು. ಮರಕ್ಕೆ ಹಬ್ಬಿದ ಹತ್ತು ವರ್ಷದ ಬಳ್ಳಿ ಒಂದೇ ಮಳೆಗಾಲದಲ್ಲಿ ಹೋದವರು ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಲ್ಲಿ ಟ್ರೈಕೋಡರ್ಮಾ ಹಾಕಲು ಎರಡು ಹೊತ್ತು. ಮುಂಗಾರು ಶುರುವಾಗುವ ಮೇ-ಜೂನ್‌ನಲ್ಲಿ ಒಂದು, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಬೇವಿನ ಹಿಂಡಿ ಅಥವಾ ಚೆನ್ನಾಗಿ ಕಳಿತ ಗೊಬ್ಬರದ ಜೊತೆ ಬಳ್ಳಿ ಬುಡದ ಸುತ್ತ ಹರಡಿ, ಮೇಲೆ ತೆಳ್ಳಗೆ ಮಣ್ಣು, ಸೊಪ್ಪು ಮುಚ್ಚಿ. ಅಗೆದು ಹಾಕಬೇಡಿ. ಬೇರಿಗೆ ಗಾಯ ಆದರೆ ರೋಗಾಣುವಿಗೆ ಬಾಗಿಲು ತೆರೆದ ಹಾಗೆ.

ಜೊತೆಗೆ ಮಾಡಬೇಕಾದ್ದು: ನೆಲದ ಮೇಲೆ ಹರಿದಾಡುವ ಹಬ್ಬು ಬಳ್ಳಿಯನ್ನು ಮಳೆಗೆ ಮೊದಲು ಕೊಯ್ಯಿರಿ ಅಥವಾ ಎತ್ತಿ ಕಟ್ಟಿ. ಮಣ್ಣಿನ ರೋಗಾಣು ಮೇಲೆ ಹತ್ತೋದು ಅದರ ಮೂಲಕವೇ. ಸತ್ತ ಬಳ್ಳಿಯನ್ನು ಬೇರು ಸಮೇತ ತೆಗೆದು ತೋಟದ ಹೊರಗೆ ಸುಡಿ. ನೆರಳು ಜಾಸ್ತಿ ಇದ್ದರೆ ಕೊಂಬೆ ಕಡಿಯಿರಿ.

ಎಲೆಗೆ ಬೋರ್ಡೋ ಹೊಡೆಯೋದು ಬಿಡಬೇಕಾ? ಬೇಡ. ಎಲೆ ಮೇಲೆ ಬರುವ ರೋಗಕ್ಕೆ ಅದು ಬೇಕು. ಬುಡಕ್ಕೆ ತಾಮ್ರದ ಔಷಧಿ ಸುರಿದ ದಿನವೇ ಟ್ರೈಕೋಡರ್ಮಾ ಹಾಕಬಾರದು, ಅಷ್ಟೇ. ಎರಡರ ನಡುವೆ ಕನಿಷ್ಠ 15 ದಿನ ಬಿಡಿ.

ಮೆಣಸಿನ ಸಸಿ ಮಾಡುವವರಿಗೆ ಇದು ಇನ್ನೂ ಮುಖ್ಯ. ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುವಾಗಲೇ ಟ್ರೈಕೋಡರ್ಮಾ ಸೇರಿಸಿದರೆ ಸಸಿ ಕಾವಲಿನ ಸಮೇತ ತೋಟಕ್ಕೆ ಹೋಗುತ್ತೆ. ಕೋಯಿಕ್ಕೋಡ್‌ನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಇಂಥ ಜೀವಾಣುಗಳನ್ನು ಕ್ಯಾಪ್ಸೂಲ್‌ನಲ್ಲಿ ತುಂಬಿ ಕೊಡುವ ವಿಧಾನವನ್ನೂ ತಂದಿದೆ. ಇದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿದೆ.

ಅಡಿಕೆ: ಎಲ್ಲಿ ಹೌದು, ಎಲ್ಲಿ ಅಲ್ಲ

ಕೊಳೆರೋಗ: ಇದು ಗೊನೆಯಲ್ಲಿ, ಮೇಲೆ ಬರುತ್ತೆ. ಬುಡಕ್ಕೆ ಟ್ರೈಕೋಡರ್ಮಾ ಹಾಕಿ ಬೋರ್ಡೋ ಬಿಟ್ಟರೆ ಫಸಲು ಉದುರುತ್ತೆ. ಬೋರ್ಡೋ ಬಿಡಬೇಡಿ.

ಅಣಬೆ ರೋಗ: ಗ್ಯಾನೊಡರ್ಮಾ ಶಿಲೀಂಧ್ರದಿಂದ ಬುಡ ಕೊಳೆತು, ಕೊನೆಗೆ ಬುಡದಲ್ಲಿ ಅಣಬೆ ಏಳುತ್ತೆ. ಅಣಬೆ ಕಂಡ ಹೊತ್ತಿಗೆ ಆ ಮರದ ಕತೆ ಬಹುತೇಕ ಮುಗಿದಿರುತ್ತೆ. ಆದರೆ ಸುತ್ತಲಿನ ಮರ ಉಳಿಸಬಹುದು. ರೋಗದ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕ ತೆಗೆದು, ಪಕ್ಕದ ಮರಗಳ ಬುಡಕ್ಕೆ ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮಾ ಗೊಬ್ಬರ ಕೊಡಿ. ಸತ್ತ ಮರದ ಬೊಡ್ಡೆ, ಬೇರು ತೋಟದಲ್ಲೇ ಬಿಡಬೇಡಿ.

ಎಲೆಚುಕ್ಕೆ ರೋಗ: ಈಚಿನ ವರ್ಷಗಳಲ್ಲಿ ಮಲೆನಾಡಿನ ದೊಡ್ಡ ತಲೆನೋವು. ಶಿಲೀಂಧ್ರದಿಂದಲೇ ಬಂದರೂ ಇದು ಹೆಡಲಿನ ಮೇಲೆ ಗಾಳಿ, ಮಳೆಹನಿಯಲ್ಲಿ ಹರಡುತ್ತೆ. ಬುಡಕ್ಕೆ ಹಾಕಿದ ಟ್ರೈಕೋಡರ್ಮಾ ಅಲ್ಲಿಗೆ ಏರಿ ಹೋಗಿ ಹೊಡೆದಾಡಲ್ಲ. ಇದಕ್ಕೆ ತೋಟಗಾರಿಕೆ ಇಲಾಖೆ ಹೇಳಿದ ಸಿಂಪಡಣೆಯೇ ದಾರಿ.

ಹಳದಿ ಎಲೆ ರೋಗ: ಇದು ಶಿಲೀಂಧ್ರವೇ ಅಲ್ಲ. ಟ್ರೈಕೋಡರ್ಮಾ ಹಾಕಿದರೆ ಹಳದಿ ಎಲೆ ವಾಸಿ ಅಂತ ಯಾರಾದ್ರೂ ಮಾರಿದರೆ ನಂಬಬೇಡಿ.

ಭತ್ತ: ಬೀಜಕ್ಕೇ ಹಚ್ಚಿ

ಭತ್ತದ ಬೆಂಕಿ ರೋಗ ತಡೆಯಲು ಸ್ಯೂಡೋಮೊನಾಸ್ ಬಳಸುತ್ತಾರೆ. ಒಂದು ಕೆಜಿ ಬೀಜಕ್ಕೆ 10 ಗ್ರಾಂ ಪುಡಿ ಲೆಕ್ಕ. ನೀರಿಗೆ ಕಲಸಿ ಬೀಜ ರಾತ್ರಿಯಿಡೀ ನೆನೆಸಿ, ನೀರು ಬಸಿದು ಮೊಳಕೆ ಕಟ್ಟಬೇಕು. ಅದೇ ಬೀಜಕ್ಕೆ ರಾಸಾಯನಿಕ ಪುಡಿ ಹಚ್ಚಬಾರದು.

ಗೊಬ್ಬರದಲ್ಲಿ ಬೆಳೆಸುವ ವಿಧಾನ

ಪುಡಿ ನೇರವಾಗಿ ಎರಚುವ ಬದಲು ಗೊಬ್ಬರದಲ್ಲಿ ಬೆಳೆಸಿ ಹಾಕಿದರೆ ಒಂದು ಕೆಜಿ ಪುಡಿಯ ಶಕ್ತಿ ಕ್ವಿಂಟಲ್ ಗೊಬ್ಬರಕ್ಕೆ ಬರುತ್ತೆ. ಖರ್ಚು ಜಾಸ್ತಿ ಇಲ್ಲ.

1. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ ತಗೊಳ್ಳಿ. ಹಸಿ ಸಗಣಿ ಬೇಡ. ಅದು ಕಳಿಯುವಾಗ ಕಾವು ಏರಿ ಜೀವಾಣು ಸಾಯುತ್ತೆ. ಗುಂಡಿಯೊಳಗೆ ಕೈ ಹಾಕಿದಾಗ ಬಿಸಿ ತಾಗಿದರೆ ಇನ್ನೂ ಕಾಯಿರಿ.

2. ಮರದ ನೆರಳು ಅಥವಾ ಸೂರಿನ ಕೆಳಗೆ ಹರಡಿ, 1 ಕೆಜಿ ಟ್ರೈಕೋಡರ್ಮಾ ಪುಡಿಯನ್ನು ಪದರ ಪದರವಾಗಿ ಬೆರೆಸಿ.

3. ನೀರು ಚಿಮುಕಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು.

4. ಒದ್ದೆ ಗೋಣಿಚೀಲ ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಿಸಿಲು, ಮಳೆ ಎರಡೂ ಬೀಳಬಾರದು.

5. ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ. ಒಣಗಿದ್ದರೆ ನೀರು ಚಿಮುಕಿಸಿ.

6. ಒಂದು ವಾರದಿಂದ ಹದಿನೈದು ದಿನದೊಳಗೆ ಬಿಳಿ ಎಳೆ ಹರಡಿ, ನಂತರ ಹಸಿರು ಬೂಷ್ಟು ಕಾಣುತ್ತೆ. ಆಗ ತೋಟಕ್ಕೆ ಒಯ್ಯಬಹುದು.

ಮಣ್ಣು ಹಸಿ ಇರುವಾಗ, ಸಂಜೆ ಹೊತ್ತು ಹಾಕಿ. ಬಿರುಬಿಸಿಲಿನಲ್ಲಿ ಒಣ ನೆಲಕ್ಕೆ ಹಾಕಿದ್ರೆ ಹದಿನೈದು ದಿನದ ಕೆಲಸ ಒಂದೇ ಮಧ್ಯಾಹ್ನಕ್ಕೆ ಹಾಳು. ಎಕರೆಗೆ ಸಾಮಾನ್ಯವಾಗಿ 1ರಿಂದ 2 ಕೆಜಿ ಪುಡಿ ಸಾಕಾಗುತ್ತೆ. ಬೆಳೆವಾರು ಲೆಕ್ಕ ಪ್ಯಾಕೆಟ್ ಮೇಲೆ ಇರುತ್ತೆ, ಅದನ್ನೇ ಪಾಲಿಸಿ. ಪುಡಿ ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸ ಮಾಡೋದು ಬೇಡ.

ಮನೆಯಲ್ಲಿ ಅಣಬೆ ಬೆಳೆಯುವವರಿಗೆ ವಿಶೇಷ ಸೂಚನೆ: ಟ್ರೈಕೋಡರ್ಮಾ ಅಣಬೆಗೂ ಶತ್ರು. ಅಣಬೆ ಕೋಣೆಗೆ ಬರುವ ಹಸಿರು ಬೂಷ್ಟು ರೋಗ ಇದೇ ಜಾತಿಯದು. ಗೊಬ್ಬರ ಬೆರೆಸಿದ ಬಟ್ಟೆಯಲ್ಲೇ ಆ ಕೋಣೆಗೆ ಹೋಗಬೇಡಿ.

ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ನೋಡಿ

ತಯಾರಾದ ದಿನ, ಮುಗಿಯುವ ದಿನ: ಇದೇ ಮೊದಲ ಪರೀಕ್ಷೆ. ದಿನ ಕಳೆದ ಹಾಗೆ ಒಳಗಿನ ಜೀವಾಣು ಕಡಿಮೆ ಆಗುತ್ತೆ. ಅವಧಿ ಮುಗಿದದ್ದು ಅರ್ಧ ರೇಟಿಗೆ ಕೊಟ್ಟರೂ ಬೇಡ, ಬರೀ ಪುಡಿಗೆ ದುಡ್ಡು ಕೊಟ್ಟ ಹಾಗೆ.

ಸಿ.ಎಫ್.ಯು. ಸಂಖ್ಯೆ: ಒಂದು ಗ್ರಾಂನಲ್ಲಿ ಬದುಕಿರುವ, ಬೆಳೆಯಬಲ್ಲ ಜೀವಾಣು ಎಷ್ಟು ಅನ್ನೋ ಲೆಕ್ಕ. ಟ್ರೈಕೋಡರ್ಮಾಕ್ಕೆ ಗ್ರಾಂಗೆ ಕನಿಷ್ಠ 20 ಲಕ್ಷ, ಸ್ಯೂಡೋಮೊನಾಸ್‌ಗೆ ಕನಿಷ್ಠ 10 ಕೋಟಿ ಇರಬೇಕು.

ನೋಂದಣಿ ಸಂಖ್ಯೆ: ರೋಗ ತಡೆಯುವ ಜೀವಾಣುಗಳು 1968ರ ಕೀಟನಾಶಕ ಕಾಯ್ದೆಯ ಕೆಳಗೆ ಬರುತ್ತವೆ. ಕೇಂದ್ರದ ನೋಂದಣಿ ಬೇಕೇ ಬೇಕು. ಬರೀ ಬಯೋ, ಆರ್ಗ್ಯಾನಿಕ್ ಅಂತ ದೊಡ್ಡ ಅಕ್ಷರದಲ್ಲಿ ಬರೆದು ನೋಂದಣಿ ಸಂಖ್ಯೆ, ಬ್ಯಾಚ್ ನಂಬರ್ ಇಲ್ಲದ ಡಬ್ಬಿ ಇಟ್ಟುಬಿಡಿ.

ಗೊಂದಲ ಬೇಡ: ರೈಜೋಬಿಯಂ, ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇವೆಲ್ಲ ಜೈವಿಕ ಗೊಬ್ಬರ. ಪೋಷಕಾಂಶಕ್ಕೆ ಒಳ್ಳೇದು, ಕೊಳೆ ರೋಗದ ಔಷಧಿ ಅಲ್ಲ.

ಬಿಲ್ ಕೇಳಿ ತಗೊಳ್ಳಿ. ಮುಂದೆ ದೂರು ಕೊಡಬೇಕಾದರೆ ಕೈಯಲ್ಲಿ ಇರಬೇಕಾದ್ದು ಅದೇ.

ಅಂಗಡಿಯವರಿಗೆ ನಾಲ್ಕು ಮಾತು

ತಗಡಿನ ಮಾಡಿನ ಕೆಳಗೆ, ಬಾಗಿಲ ಬಿಸಿಲಿಗೆ, ಯೂರಿಯಾ ಚೀಲದ ಮೇಲೆ ಟ್ರೈಕೋಡರ್ಮಾ ಬಾಕ್ಸ್ ಇಟ್ಟಿರೋದು ಸಾಮಾನ್ಯ ನೋಟ. ಏಪ್ರಿಲ್-ಮೇ ಶೆಖೆಯಲ್ಲಿ ಹಾಗೆ ಇಟ್ಟರೆ ದಿನಾಂಕ ಮುಗಿಯುವ ಮೊದಲೇ ಜೀವ ಮುಗಿಯುತ್ತೆ. ಗಿರಾಕಿ ಬೈಯೋದು ಕಂಪನಿಗಲ್ಲ, ನಿಮಗೆ.

ಒಂದು, ಅಂಗಡಿಯ ಅತೀ ತಂಪಾದ, ಒಣ ಮೂಲೆ ಇದಕ್ಕೆ ಕೊಡಿ. ಎರಡು, ಶಿಲೀಂಧ್ರನಾಶಕದ ಜೊತೆ ಒಂದೇ ಶೆಲ್ಫ್‌ನಲ್ಲಿ ಇಡಬೇಡಿ. ಮೂರು, ವರ್ಷದ ಸ್ಟಾಕ್ ಒಟ್ಟಿಗೆ ತರಿಸದೆ ಹಂಗಾಮಿಗೆ ಬೇಕಾದಷ್ಟೇ ತರಿಸಿ, ಹಳೆಯದು ಮೊದಲು ಖಾಲಿ ಮಾಡಿ. ನಾಲ್ಕು, ಇದನ್ನು ಮಾರಲೂ ಕೀಟನಾಶಕ ಮಾರಾಟದ ಲೈಸೆನ್ಸ್ ಬೇಕು. ಜೈವಿಕ ಅಲ್ವಾ ಅಂತ ಬಿಡುವ ಹಾಗಿಲ್ಲ.

ಇನ್ನೊಂದು ಸಣ್ಣ ಕೆಲಸ ದೊಡ್ಡ ಉಪಕಾರ ಮಾಡುತ್ತೆ. ಕೊಡುವಾಗ ಗೊಬ್ಬರದಲ್ಲಿ ಬೆಳೆಸಿ ಹಾಕಿ, ಬೋರ್ಡೋ ಜೊತೆ ಬೆರೆಸಬೇಡಿ ಅಂತ ಎರಡು ಮಾತು ಹೇಳಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಒಟ್ಟಿಗೆ ಹಾಕಬಹುದಾ?
ಎಲ್ಲ ತಳಿಗಳೂ ಒಂದಕ್ಕೊಂದು ಹೊಂದಲ್ಲ. ಒಟ್ಟಿಗೆ ಹೊಂದುತ್ತವೆ ಅಂತ ಪರೀಕ್ಷಿಸಿ ತಯಾರಿಸಿದ ಮಿಶ್ರಣ ಸಿಗುತ್ತೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಹಲವು ಜೀವಾಣುಗಳನ್ನು ಒಟ್ಟು ಸೇರಿಸಿ ಮಾಡಿದ ಇಂಥದ್ದೇ ಒಂದು ತಯಾರಿ. ಬೇರೆ ಬೇರೆ ಪ್ಯಾಕೆಟ್ ತಂದು ಮನೆಯಲ್ಲಿ ಬೆರೆಸೋದಾದರೆ ಮೊದಲು ತಜ್ಞರನ್ನು ಕೇಳಿ.

ಒಂದು ಸಲ ಹಾಕಿದರೆ ಸಾಕಾ?
ಸಾಲಲ್ಲ. ಮಣ್ಣಿನಲ್ಲಿ ಸಾವಯವ ಅಂಶ ಇರುವವರೆಗೆ ಉಳಿಯುತ್ತೆ, ಬರಬರುತ್ತಾ ಕಡಿಮೆ ಆಗುತ್ತೆ. ಪ್ರತಿ ಹಂಗಾಮಿಗೆ ಹಾಕಬೇಕು.

ಅನ್ನದ ಮೇಲೆ ಪುಡಿ ಹಾಕಿ ಹಸಿರು ಬೂಷ್ಟು ಬಂದರೆ ಅಸಲಿ ಅಂತಾರಲ್ಲ?
ಅನ್ನದ ಮೇಲೆ ಬೇರೆ ಬೂಷ್ಟೂ ಹಸಿರಾಗೇ ಬರುತ್ತೆ. ಅದನ್ನು ನಂಬಿ ತೀರ್ಮಾನ ಮಾಡಬೇಡಿ. ಸರಿಯಾದ ಎಣಿಕೆ ಪ್ರಯೋಗಾಲಯದಲ್ಲೇ ಆಗಬೇಕು.

ಅನುಮಾನ ಬಂದರೆ ಯಾರನ್ನು ಕೇಳಬೇಕು?
ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲೂಕು ತೋಟಗಾರಿಕೆ ಕಚೇರಿ, ಕೃಷಿ ವಿಜ್ಞಾನ ಕೇಂದ್ರ. ನಮ್ಮ ತಾಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಬಾಡಿದ ಗಿಡವನ್ನು ಬುಡದ ಮಣ್ಣು ಸಮೇತ ಚೀಲದಲ್ಲಿ ಕಟ್ಟಿ ಒಯ್ದರೆ ಯಾವ ರೋಗ ಅಂತ ಗುರುತಿಸೋದು ಸುಲಭ. ಪ್ಯಾಕೆಟ್ ನಕಲಿ ಅನ್ನಿಸಿದರೆ ಬಿಲ್ ಸಮೇತ ಕೃಷಿ ಇಲಾಖೆಗೆ ದೂರು ಕೊಡಿ. ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಕೀಟನಾಶಕ ಪರಿವೀಕ್ಷಕರಿಗೆ ಇದೆ.

ಈ ವರ್ಷ ಹಾಕುವವರು ಲೆಕ್ಕ ಹೀಗಿಟ್ಟುಕೊಳ್ಳಿ: ಬೀಜ ನೆಡುವ ಅಥವಾ ಬುಡಕ್ಕೆ ಗೊಬ್ಬರ ಕೊಡುವ ದಿನದಿಂದ ಹದಿನೈದು ದಿನ ಹಿಂದಕ್ಕೆ ಎಣಿಸಿ. ಅವತ್ತು ಗೊಬ್ಬರದ ರಾಶಿಗೆ ಟ್ರೈಕೋಡರ್ಮಾ ಬೀಳಬೇಕು. ಪ್ಯಾಕೆಟ್ ತರೋದು ಅದರ ಹಿಂದಿನ ದಿನ.